ನೇಪಾಳದಿಂದ ಬಂದ ಪ್ರಶ್ನೆ

ಹುಮನಾಬಾದ ತಾಲ್ಲೂಕಿನ ಒಂದು ಹಳ್ಳಿ. ಹೆಸರು ಹೇಳಿದರೆ ಅಲ್ಲಿನವರು ನನ್ನ ಮೇಲೆ ಹರಿಹಾಯುತ್ತಾರೆ, ಬೇಡ. ಪಂಚಾಯತಿ ಚುನಾವಣೆಯಲ್ಲಿ ಗೆದ್ದು ಅಧ್ಯಕ್ಷೆಯಾದವಳು ಜಿಜಾಬಾಯಿ. ಆದರೆ ‘ಅಧ್ಯಕ್ಷರೇ’ ಎಂದು ಯಾರಾದರೂ ಕೂಗಿದರೆ ತಿರುಗಿ ನೋಡುವವನು ಅವಳ ಗಂಡ, ಹೆಸರು ಶ್ರೀಮಂತ. ಸಭೆ ನಡೆಸುವವನೂ ಅವನೇ, ಖುರ್ಚಿಯಲ್ಲಿ ಕೂರುವವನೂ ಅವನೇ. ಅವನು ತೋರಿಸಿದ ಕಡೆ ಅವಳು ಸಹಿ ಹಾಕಿ ರೊಟ್ಟಿ ಬಡಿಯಲು ಹೋಗುತ್ತಿದ್ದಳು.

ಅಂಥ ಊರಿಗೆ ನೇಪಾಳದ ವಾರ್ಡ್ ಸದಸ್ಯೆಯರು ಬಂದರು. ನೆರೆದೇಶದಲ್ಲೂ ಪ್ರಜಾಪ್ರಭುತ್ವ ಗಟ್ಟಿಯಾಗಲಿ, ನಮ್ಮ ಗ್ರಾಮಸಭೆಯನ್ನು ಅವರು ಕಣ್ಣಾರೆ ಕಂಡು ತಮ್ಮಲ್ಲಿ ಬೇಕಾದ ನಿಯಮ ಮಾಡಿಕೊಳ್ಳಲಿ ಎಂದು ಒಂದು ಸಂಸ್ಥೆ ಕರೆತಂದಿತ್ತು. ಆ ಒಂದು ದಿನ ಮಾತ್ರ ಶ್ರೀಮಂತ ಖುರ್ಚಿ ಬಿಟ್ಟುಕೊಟ್ಟು ಹೆಂಡತಿಯ ಹಿಂದೆ ನಿಂತ. ದೊಡ್ಡ ಮನಸ್ಸು ಅವನದು.

ಚಹಾದ ಹೊತ್ತಿಗೆ ಧನಮಾಯಾ ಎಂಬ ಸದಸ್ಯೆ ಜಿಜಾಬಾಯಿಯ ಪಕ್ಕ ಬಂದು ಕೂತಳು. ಇಬ್ಬರಿಗೂ ಹಿಂದಿ ಬರುತ್ತಿತ್ತು.

“ದೀದಿ, ನಮ್ಮಲ್ಲಿ ಗಂಡಸರು ಮೊದಲೇ ತೀರ್ಮಾನ ಮಾಡಿ ಆಮೇಲೆ ನನ್ನನ್ನು ಕರೆಯುತ್ತಾರೆ. ಎದುರಾಡಲು ನನಗೆ ಬಾಯೇ ಬರುವುದಿಲ್ಲ. ನೀವು ಇದನ್ನು ಹೇಗೆ ಸರಿ ಮಾಡಿದಿರಿ?”

ಜಿಜಾಬಾಯಿ ತಿರುಗಿ ಗಂಡನ ಮುಖ ನೋಡಿದಳು. ಅವನ ಮರ್ಯಾದೆ, ಊರಿನ ಮರ್ಯಾದೆ, ದೇಶದ ಮರ್ಯಾದೆ ಎಲ್ಲ ಒಮ್ಮೆಲೇ ಅವಳ ತಲೆಯ ಮೇಲೆ ಬಿತ್ತು.

“ನಮ್ಮಲ್ಲಿ ಹಾಗೆಲ್ಲ ಇಲ್ಲ. ನಾನು ಹೇಳಿದ್ದೇ ಆಗುತ್ತದೆ” ಎಂದುಬಿಟ್ಟಳು.

“ಹಾಗಾದರೆ ತಪ್ಪು ನನ್ನದೇ” ಎಂದು ಧನಮಾಯಾ ಮೆಲ್ಲಗೆ ಹೇಳಿ ಎದ್ದುಹೋದಳು.

ಅತಿಥಿಗಳು ಬಸವಕಲ್ಯಾಣಕ್ಕೆ ಹೊರಟರು. ಅಲ್ಲಿ ಮರುದಿನ ಅವರ ಕೊನೆಯ ಸಭೆ. ಅಷ್ಟು ದೂರದಿಂದ ಬಂದವಳು ಕೇಳಿದ್ದು ಒಂದೇ ಮಾತು, ಅದಕ್ಕೂ ಸುಳ್ಳು ಹೇಳಿದೆನಲ್ಲ ಎಂದು ಜಿಜಾಬಾಯಿಗೆ ಊಟ ಸೇರಲಿಲ್ಲ. ಬೆಳಿಗ್ಗೆ ಗಂಡನ ಮುಂದೆ ನಿಂತಳು.

“ಕಲ್ಯಾಣಕ್ಕ ಹೋಗಿ ಆಕಿಗಿ ಖರೇ ಹೇಳಿ ಬರ್ತೀನ್ರಿ.”

“ಹುಚ್ಚ ಹಿಡದದೇನು ನಿನಗ? ಎಲ್ಲಾ ಛಲೋ ಆಗ್ಯಾದ. ಹೊರಗಿನವರ ಮುಂದ ನನ್ನ ಇಜ್ಜತ್ ತೆಗಿಬ್ಯಾಡ.”

“ನಿಮ್ಮ ಇಜ್ಜತ್ ಉಳಸಾಕ ಹೋಗಿ ಆಕಿ ಮ್ಯಾಲ ತಪ್ಪ ಹೊರಿಸೀನ್ರಿ.”

ಅವನು ಬೈಯುತ್ತಲೇ ಇದ್ದ. ಅವಳು ಹುಮನಾಬಾದಿಗೆ ಬಂದು ಒಬ್ಬಳೇ ಬಸ್ಸು ಹತ್ತಿದಳು.

ಬಸವಕಲ್ಯಾಣದಲ್ಲಿ ಧನಮಾಯಾ ಸಭಾಂಗಣದ ಬಾಗಿಲಲ್ಲೇ ಸಿಕ್ಕಳು. ಕಂಡೊಡನೆ ಖುಷಿಯಿಂದ ಕೈ ಹಿಡಿದಳು. ಜಿಜಾಬಾಯಿ ತಲೆ ಎತ್ತದೆ ಹೇಳಿದಳು:

“ನಿನ್ನೆ ನಾನು ಹೇಳಿದ್ದು ಸುಳ್ಳು. ನೀವು ಬರುತ್ತೀರೆಂದು ನನ್ನನ್ನು ಆ ಖುರ್ಚಿಯಲ್ಲಿ ಕೂರಿಸಿದ್ದರು. ನಿಮ್ಮ ಪಾಡೇ ನನ್ನ ಪಾಡು. ತಪ್ಪು ನಿಮ್ಮದಲ್ಲ.”

ಧನಮಾಯಾ ಬೈಯಲಿಲ್ಲ. ಬೈದಿದ್ದರೆ ಜಿಜಾಬಾಯಿಗೆ ಸ್ವಲ್ಪ ಹಗುರಾಗುತ್ತಿತ್ತು.

“ದೀದಿ, ಈ ಕೆಲಸಕ್ಕೆ ನಿಮ್ಮಂಥವರು ಬೇಕು, ನನ್ನ ಕೈಲಾಗದು ಎಂದು ನಿನ್ನೆ ಸಂಜೆಯೇ ಫೋನಿನಲ್ಲಿ ರಾಜೀನಾಮೆ ಬರೆದು ಕಳಿಸಿಬಿಟ್ಟೆ. ನಮ್ಮ ವಾರ್ಡ್ ಅಧ್ಯಕ್ಷರು ಕೂಡಲೇ ಒಪ್ಪಿಕೊಂಡರು. ಭಾರತಕ್ಕೆ ಹೋಗಿ ನೀನು ಒಳ್ಳೆಯ ಪಾಠ ಕಲಿತೆ ಎಂದು ಬಹಳ ಹೊಗಳಿದರು.”