ಇರುವೆ ಬಾರದ ಅಂಟು

ನಾನು ಒಂದು ದುರ್ಬೀನು. ಹುಟ್ಟಿದ್ದು ಬಹಳ ದೂರದ, ಚಳಿಯ ಒಂದು ಊರಿನ ಕಾರ್ಖಾನೆಯಲ್ಲಿ. ಅಲ್ಲಿನ ಜನ ಬಿಳಿ ಕೈಗವಸು ಹಾಕಿಕೊಂಡು ನನ್ನ ಗಾಜುಗಳನ್ನು ಜೋಡಿಸಿದರು. ಗಾಜಿನ ವಿಷಯದಲ್ಲಿ ಅವರನ್ನು ಬಯ್ಯಲಾರೆ. ಎರಡು ಫರ್ಲಾಂಗು ಆಚೆ ಕೂತ ಹಕ್ಕಿಯ ಕಣ್ಣಿನ ಸುತ್ತಲಿನ ಹಳದಿ ಗೆರೆಯನ್ನೂ ತೋರಿಸುವ ಗಾಜು ಅದು. ಕೊನೆಗೆ ನನ್ನ ಲೋಹದ ಮೈಗೆ ಹಸಿರು ರಬ್ಬರಿನ ಅಂಗಿ ತೊಡಿಸಿದರು. ಬಿದ್ದರೆ ಪೆಟ್ಟಾಗಬಾರದು, ಬೆವರಿದ ಕೈಯಿಂದ ಜಾರಬಾರದು ಎಂದು. ಪೆಟ್ಟಿಗೆಯೊಳಗೆ ಒಂದು ಚೀಟಿ ಇಟ್ಟರು. ಗಾಜಿಗೆ ಜೀವಮಾನದ ಗ್ಯಾರಂಟಿ ಎಂದು ಅದರಲ್ಲಿ ದಪ್ಪಕ್ಷರದಲ್ಲಿತ್ತು. ರಬ್ಬರಿಗೆ ಎರಡೇ ವರ್ಷ ಎಂಬುದು ಅಡಿಯಲ್ಲಿ, ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿತ್ತು. ಹೇಳಬೇಕಾದ ಮಾತನ್ನು ಓದಲಾಗದಂತೆ ಬರೆಯುವವರನ್ನು ಕಂಡರೆ ನನಗೆ ಇಂದಿಗೂ ಮೈ ಉರಿಯುತ್ತದೆ.

ಒಂದೇ ದಿನ ಹುಟ್ಟಿದ ನಾವಿಬ್ಬರು, ನಾನು ಮತ್ತು ನನ್ನಂಥದೇ ಇನ್ನೊಂದು ದುರ್ಬೀನು, ಒಂದೇ ಮನೆಗೆ ಬಂದೆವು. ಕೊಂಡವರು ಹುಬ್ಬಳ್ಳಿಯ ಎಲುಬಿನ ಡಾಕ್ಟರು ಶ್ರೀಪಾದ ಗಲಗಲಿ. ನಾನು ಅವರಿಗೆ, ನನ್ನ ಜೋಡಿ ಅವರ ಹೆಂಡತಿ ವತ್ಸಲಾಬಾಯಿಗೆ. ನಿವೃತ್ತಿಯಾದ ಮೇಲೆ ಇಬ್ಬರೂ ಕೂಡಿ ಕಾಡುಮೇಡು ತಿರುಗುವುದೆಂದು ಮಾತಾಗಿತ್ತು. ಅದಕ್ಕೆ ಮೂರು ತಿಂಗಳಿರುವಾಗ ವತ್ಸಲಾಬಾಯಿ ತೀರಿಕೊಂಡರು. ನನ್ನ ಜೋಡಿಯ ಪೆಟ್ಟಿಗೆಯನ್ನು ಯಾರೂ ತೆರೆಯಲಿಲ್ಲ. ಅದು ಹಾಗೆಯೇ ಅವರ ಸೀರೆಗಳ ಕಪಾಟು ಸೇರಿತು.

ಡಾಕ್ಟರು ನನ್ನನ್ನು ಕೊರಳಿಗೆ ಹಾಕಿಕೊಂಡು ಒಬ್ಬರೇ ಹೊರಟರು. ಏನಾದರೂ ಕಂಡರೆ, "ನೋಡ ಇಲ್ಲೆ" ಎಂದು ನನ್ನನ್ನು ಪಕ್ಕಕ್ಕೆ ಚಾಚುತ್ತಿದ್ದರು. ಪಕ್ಕದಲ್ಲಿ ಯಾರೂ ಇರುತ್ತಿರಲಿಲ್ಲ. ಚಾಚಿದ ಕೈ ಸ್ವಲ್ಪ ಹೊತ್ತು ಹಾಗೇ ನಿಂತು, ಆಮೇಲೆ ಇಳಿಯುತ್ತಿತ್ತು.

ಹೀಗೆ ತಿರುಗುತ್ತ ಕೊಪ್ಪಳ ಸೀಮೆಯ ಕರೇಗಲ್ಲ ಗುಡ್ಡದ ಕರಡಿಧಾಮಕ್ಕೆ ಬಂದೆವು. ಎತ್ತ ನೋಡಿದರೂ ಬಂಡೆ. ಎದುರಿಗೆ ನಲವತ್ತೆರಡು ಮೆಟ್ಟಿಲಿನ ವೀಕ್ಷಣಾ ಗೋಪುರ. ಅಲ್ಲಿ ಯಮನೂರಪ್ಪ ಎಂಬ ದಿನಗೂಲಿ ಕಾವಲುಗಾರನಿದ್ದ. ಪ್ರತಿದಿನ ಮಧ್ಯಾಹ್ನ ಬೆಲ್ಲವನ್ನು ನೀರಿನಲ್ಲಿ ಗಟ್ಟಿಯಾಗಿ ಕದಡಿ, ಎದುರು ಬಂಡೆಗಳ ಸಂದಿಗೆ ಬಳಿದು ಬರುವುದು ಅವನ ಕೆಲಸ. ಸಂಜೆಗೆ ಕರಡಿಗಳು ಇಳಿದು ಅದನ್ನು ನೆಕ್ಕುತ್ತವೆ. ಅವು ಬರುವಷ್ಟರಲ್ಲಿ ಅವನು ಗೋಪುರ ಹತ್ತಿ ಬಂದವರಿಗೆ ತೋರಿಸುತ್ತಾನೆ.

ಡಾಕ್ಟರು ಮೊದಲ ದಿನ ನನ್ನನ್ನು ಅವನತ್ತ ಚಾಚಿದಾಗ ಅವನು ಹಿಂದೆ ಸರಿದ. ಸೊಂಟದ ಚೀಲದಿಂದ ಸೀಗೆಪುಡಿ ತೆಗೆದು ಕೈ ತಿಕ್ಕಿ ತೊಳೆದ. ಟವೆಲಿಗೆ ಒರೆಸಿದ. ಬೆಲ್ಲದ ವಾಸನೆ ಉಳಿದಿದೆಯೇ ಎಂದು ಎರಡೂ ಅಂಗೈಗಳನ್ನು ಮೂಸಿ ನೋಡಿದ. ಆಮೇಲೆ ನನ್ನನ್ನು ಹಿಡಿದ.

"ಸಾಹೇಬ್ರ, ಇದರಾಗ ಅದರ ಉಗುರಿನ ಮಣ್ಣು ಸುದ್ದಾ ಕಾಣ್ತೈತಿ."

"ನನಗ ಕರಡೀನ ಕಾಣವಲ್ದು, ನಿನಗ ಉಗುರಿನ ಮಣ್ಣು ಕಾಣ್ತೈತೇನೋ?"

"ಕರಡಿ ಹುಡುಕಬ್ಯಾಡ್ರಿ. ಕಪ್ಪು ಬಂಡಿಗಲ್ಲು ಹುಡುಕ್ರಿ. ಯಾವ ಬಂಡಿ ಅಳ್ಳಾಡ್ತೈತಿ, ಅದ ಕರಡಿ."

ಡಾಕ್ಟರು ಬಹಳ ದಿನಗಳ ಮೇಲೆ ನಕ್ಕರು. ಹೋಗುವಾಗ ನನ್ನನ್ನು ಗೋಪುರಕ್ಕೆ ಕೊಟ್ಟರು. ಯಮನೂರಪ್ಪನ ಕೈಯಲ್ಲೇ ಇರಬೇಕು ಎಂದು ಅಧಿಕಾರಿಗಳಿಗೆ ಬರೆದೂ ಕೊಟ್ಟರು.

ಮೂರು ವರ್ಷ ನಾನು ಸುಖವಾಗಿದ್ದೆ. ಸೀಗೆಪುಡಿ, ಟವೆಲು, ಮೂಸಿ ನೋಡುವುದು: ಒಂದು ದಿನವೂ ಅವನು ತಪ್ಪಿಸಲಿಲ್ಲ.

ನಾಲ್ಕನೆಯ ಬೇಸಿಗೆಯಲ್ಲಿ ನನ್ನ ರಬ್ಬರು ಬೆವರತೊಡಗಿತು. ಮೊದಲು ಹೆಬ್ಬೆರಳು ಕೂರುವ ಜಾಗದಲ್ಲಿ, ಆಮೇಲೆ ಮೈಯೆಲ್ಲ. ಯಾರೂ ಏನೂ ಮಾಡಿರಲಿಲ್ಲ. ಅಲ್ಲಲ್ಲಿ ಗುಳ್ಳೆ ಎದ್ದಿತು. ಕೈ ಇಟ್ಟರೆ ಅಂಟು, ಒರೆಸಿದರೆ ಇನ್ನಷ್ಟು ಅಂಟು. ಕೈಗೆ ಗೋಂದು ಹತ್ತಿದರೆ ಎಣ್ಣೆಗೆ ಬಿಡುತ್ತದಲ್ಲ, ಹಾಗೆಂದುಕೊಂಡು ಯಮನೂರಪ್ಪ ನನಗೆ ಕೊಬ್ಬರಿ ಎಣ್ಣೆ ಹಚ್ಚಿದ. ಮೇಲೆ ಹೆಂಡತಿಯ ಪೌಡರು ಉದುರಿಸಿದ. ಎರಡು ದಿನ ಮದುಮಗಳ ಹಾಗೆ ಘಮ್ಮೆಂದೆ. ಮೂರನೆಯ ದಿನ ಮೊದಲಿಗಿಂತ ಕೆಟ್ಟದಾಯಿತು. ಎಣ್ಣೆ ಹಚ್ಚಿದ್ದು ತಪ್ಪೇ. ಆದರೆ ರೋಗ ಅವನು ತಂದದ್ದಲ್ಲ. ಅದು ಹುಟ್ಟುವಾಗಲೇ ನನ್ನ ಮೈಯಲ್ಲಿತ್ತು.

ಒಂದು ಭಾನುವಾರ ಗೋಪುರದ ಮೇಲೆ ಮೂವತ್ತು ಜನ ಇದ್ದರು. ಮೈಸೂರು ಕಡೆಯ ವಲಯಾಧಿಕಾರಿ ತಮ್ಮ ಅತಿಥಿಗಳಿಗೆ ತೋರಿಸಲು ನನ್ನನ್ನು ಎತ್ತಿಕೊಂಡರು. ಅಂಗೈ ನನಗೆ ಅಂಟಿತು. ಬಿಡಿಸಿಕೊಳ್ಳುವ ಭರದಲ್ಲಿ ಅವರ ಬಿಳಿ ಅಂಗಿಗೆ ಹಸಿರು ಮೆತ್ತಿತು.

"ಏನಯ್ಯ ಇದು? ಬೆಲ್ಲದ ಕೈಲಿ ಮುಟ್ಟಿದ್ದೀಯ."

"ಇಲ್ರಿ ಸಾಹೇಬ್ರ. ಬೆಲ್ಲ ಆಗಿದ್ರ ಇರುವಿ ಮುತ್ತತಿದ್ವು. ಒಂದು ಇರುವಿ ತೋರಸ್ರಿ ನೋಡೂಣು."

"ನನಗೇ ಎದುರು ಮಾತಾಡ್ತೀಯಾ? ಹೊಲಸು ಕೈ ಇಟ್ಕೊಂಡು ಇಂಥ ಸಾಮಾನು ಮುಟ್ತಾರೇನಯ್ಯ?"

ಯಾರೋ ನಕ್ಕರು. ಯಮನೂರಪ್ಪ ತನ್ನ ಎರಡೂ ಕೈಗಳನ್ನು ಒಮ್ಮೆ ನೋಡಿಕೊಂಡು ಬೆನ್ನ ಹಿಂದೆ ಕಟ್ಟಿಕೊಂಡ. ನನಗೆ ಬಾಯಿ ಇದ್ದಿದ್ದರೆ ಆ ದಿನ ಆ ಮನುಷ್ಯನಿಗೆ ಸರಿಯಾಗಿ ಹೇಳುತ್ತಿದ್ದೆ. ಕಣ್ಣು ಮಾತ್ರ ಕೊಟ್ಟು ಬಾಯಿ ಕೊಡದ ಜನ್ಮ ನನ್ನದು.

ಮರುದಿನದಿಂದ ಅವನು ನರ್ಸರಿಯಲ್ಲಿ ಸಸಿಯ ಚೀಲಗಳಿಗೆ ಮಣ್ಣು ತುಂಬತೊಡಗಿದ. ಗೋಪುರ ಹತ್ತಬಾರದೆಂದು ಅಪ್ಪಣೆಯಾಯಿತು. ಕರಡಿ ತೋರಿಸುವುದೊಂದೇ ಅವನು ಹೆಮ್ಮೆಪಡುತ್ತಿದ್ದ ಕೆಲಸ. ಅದೇ ಹೋಯಿತು.

ನನ್ನನ್ನು ಕಚೇರಿಯ ಗಾಜಿನ ಬೀರುವಿಗೆ ಹಾಕಿದರು. ನಾಲ್ಕು ವರ್ಷ. ಹತ್ತು ಅಡಿಯೊಳಗೆ ಏನಿದ್ದರೂ ನನಗೆ ಮಸುಕು. ಎದುರಿನ ಗೋಡೆ ಆರು ಅಡಿಯಲ್ಲಿತ್ತು. ಗುಡ್ಡದಾಚೆಯ ಕರಡಿಯ ಉಗುರು ತೋರಿಸಿದ ನಾನು ನಾಲ್ಕು ವರ್ಷ ಒಂದು ಮಸುಕು ಗೋಡೆ ನೋಡಿದೆ. ನನ್ನ ಮೈ ಕರಗಿ ಕೆಳಗಿದ್ದ ಹಳೆಯ ರಿಜಿಸ್ಟರಿಗೆ ಅಂಟಿಕೊಂಡಿತು. ಬೀರುವಿನ ಬಾಗಿಲ ಸಂದಿಯಲ್ಲಿ ಇರುವೆಗಳ ಸಾಲು ಹೋಗುತ್ತಿತ್ತು, ಗುಮಾಸ್ತರ ಚಹಾ ಲೋಟದ ಕಡೆಗೆ. ಬಂದು ಒಮ್ಮೆ ಮೂಸಿ ನೋಡಿ, ಸಾಕ್ಷಿ ಹೇಳಿ ಎಂದು ಒಳಗೇ ಕೂಗಿದೆ. ಒಂದೂ ನನ್ನ ಕಡೆ ತಿರುಗಲಿಲ್ಲ. ಅದೇ ಸಾಕ್ಷಿ. ಆದರೆ ಅದನ್ನು ನೋಡುವವರು ಯಾರೂ ಇರಲಿಲ್ಲ.

ಕೊನೆಗೆ ಒಂದು ದಿನ ಡಾಕ್ಟರು ಬಂದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮೊಣಕಾಲು ನೋವಿಗೆ ಬಲಗಾಲು ಎಳೆಯುತ್ತಿದ್ದರು. ಆ ಅಧಿಕಾರಿ ಅಷ್ಟರಲ್ಲಿ ವರ್ಗವಾಗಿ ಹೋಗಿ, ಅವರ ಜಾಗಕ್ಕೆ ಒಬ್ಬ ಮೇಡಂ ಬಂದಿದ್ದರು. ಗುಮಾಸ್ತ ನನ್ನನ್ನು ರಿಜಿಸ್ಟರಿನಿಂದ ಕಿತ್ತು ಕೊಟ್ಟ.

"ಯಮನೂರಪ್ಪ ಬೆಲ್ಲದ ಕೈಲೆ ಹಿಡದು ಕೆಡಿಸ್ಯಾನ್ರಿ."

ಡಾಕ್ಟರು ನಂಬಿದರು. ಅವನು ಕೈ ತೊಳೆದದ್ದನ್ನು ಕಣ್ಣಾರೆ ಕಂಡವರೇ ನಂಬಿದರು. ಅಧಿಕಾರಿಯ ಬೈಗುಳಕ್ಕಿಂತ ಇದು ನನಗೆ ಹೆಚ್ಚು ಉರಿಯಿತು.

ನನ್ನನ್ನು ಹುಬ್ಬಳ್ಳಿಗೆ ಒಯ್ದರು. ನನ್ನ ಬದಲಿಗೆ ಜೋಡಿಯನ್ನು ಕೊಡೋಣವೆಂದು ಸೀರೆಗಳ ಕಪಾಟು ತೆರೆದು, ಪೆಟ್ಟಿಗೆಯ ಸೀಲು ಒಡೆದರು. ಒಳಗಿನ ಮೆತ್ತನೆ ಬಟ್ಟೆ ಬಿಡಿಸಲು ಹೋದರೆ ಬರಲಿಲ್ಲ. ಅಂಟಿಕೊಂಡಿತ್ತು. ನನ್ನದೇ ಗುಳ್ಳೆ, ನನ್ನದೇ ಬೆವರು. ಮನುಷ್ಯರ ಕೈ ಮುಟ್ಟಿಯೇ ಇರದ ಮೈಗೂ ಅದೇ ಗತಿ.

ಡಾಕ್ಟರು ಮಂಚದ ಮೇಲೆ ಕೂತರು.

"ವತ್ಸಲಾ, ನೀ ಇದನ್ನ ಮುಟ್ಟೇ ಇಲ್ಲಲ್ಲ," ಎಂದರು. ನನ್ನನ್ನು ಅದರ ಪಕ್ಕಕ್ಕೆ ಹಿಡಿದು ನೋಡಿ, "ಹಂಗಾದ್ರ ಅವನೂ ಏನೂ ಮಾಡಿಲ್ಲ," ಎಂದರು.

ಮರುದಿನ ಬೆಳಿಗ್ಗೆಯೇ ನರ್ಸರಿಗೆ ಹೋದೆವು. ಯಮನೂರಪ್ಪ ಮಣ್ಣಿನ ಗುಡ್ಡೆಯ ಮುಂದೆ ಕೂತಿದ್ದ. ಏಳಲಿಲ್ಲ.

"ತಪ್ಪು ನಿಂದಲ್ಲೋ ಯಮನೂರಪ್ಪ. ರಬ್ಬರಿಂದು."

"ನನಗ ಗೊತ್ತೈತ್ರಿ. ತೊಳದ ಕೈ ನಂದು."

"ನಾನೂ ನಂಬಿಬಿಟ್ನೋ."

"ಎಲ್ಲಾರೂ ನಂಬ್ತಾರ್ರಿ. ಕೂಲಿಯವನ ಕೈ ನೋಡಿದ್ರ ಸಾಕು, ಮತ್ತೇನೂ ಕೇಳಂಗಿಲ್ಲ."

"ಮೇಡಂಗ ಫೋನ್ ಮಾಡಿ ಹೇಳೀನಿ. ನಿನ್ನ ಮತ್ತ ಗೋಪುರಕ್ಕ ಹಾಕ್ತಾರಂತ."

ಅವನು ಇನ್ನೊಂದು ಚೀಲಕ್ಕೆ ಮಣ್ಣು ತುಂಬಿ ಒತ್ತಿದ. "ಮೂವತ್ತು ಮಂದಿ ಮುಂದ ಹೊಲಸು ಕೈ ಅಂದಾರ. ಈಗ ನೀವು ಬಂದು ಮಣ್ಣಿನ ಚೀಲದ ಮುಂದ ಅಲ್ಲ ಅಂದ್ರ ಏನಾತ್ರಿ? ಹೇಳೂದಾದ್ರ ಅಲ್ಲೇ ಮ್ಯಾಲೆ ಹೇಳ್ರಿ. ಮಂದಿ ಇದ್ದಾಗ. ಅಂದ್ರ ಬರ್ತೀನಿ."

"ನನ್ನ ಮೊಣಕಾಲು ನೋಡೋ ಮಾರಾಯ. ನಲವತ್ತೆರಡು ಮೆಟ್ಟಲ."

"ಊರ ಮಂದಿ ಮೊಣಕಾಲು ರಿಪೇರಿ ಮಾಡಿದೋರು ನೀವು. ಹತ್ರಿ."

ಅಂದೇ ಅವನು ನನ್ನ ರಬ್ಬರನ್ನೆಲ್ಲ ಉಗುರಿನಿಂದ ಕೆರೆದು ತೆಗೆದ. ಬೆತ್ತಲೆ ಲೋಹಕ್ಕೆ ಹಳೆಯ ಸೈಕಲ್ ಟ್ಯೂಬು ಕತ್ತರಿಸಿ ಬಿಗಿಯಾಗಿ ಸುತ್ತಿದ. ಆ ಟ್ಯೂಬು ಇಂದಿಗೂ ಹಾಗೆಯೇ ಇದೆ. ಚಳಿಯ ಊರಿನವರು ಒಮ್ಮೆ ಬಂದು ನೋಡಲಿ.

ಭಾನುವಾರ ಡಾಕ್ಟರು ಹತ್ತು ಮೆಟ್ಟಿಲಿಗೊಮ್ಮೆ ನಿಂತು, ಕಂಬಿ ಹಿಡಿದು ಮೇಲೆ ಬಂದರು. ಗೋಪುರ ತುಂಬಿತ್ತು. ಅಂದಿನ ಮೂವತ್ತು ಜನರಲ್ಲಿ ಒಬ್ಬರೂ ಇರಲಿಲ್ಲ. ಡಾಕ್ಟರು ಉಸಿರು ಸುಧಾರಿಸಿಕೊಂಡು ಗಟ್ಟಿಯಾಗಿ ಶುರುಮಾಡಿದರು.

"ಎಲ್ಲಾರೂ ಸ್ವಲ್ಪ ಇಲ್ಲೆ ಕೇಳ್ರಿ. ನಾಲ್ಕು ವರ್ಷದ ಹಿಂದ ಇಲ್ಲೆ ಈ ಯಮನೂರಪ್ಪಗ..."

"ಶ್, ಅಂಕಲ್. ಕರಡಿ ಬಂತು," ಎಂದರು ಟೋಪಿ ಹಾಕಿದ ಹೆಂಗಸೊಬ್ಬರು.

ಎಲ್ಲರೂ ಬಂಡೆಯ ಕಡೆ ತಿರುಗಿದರು. ಡಾಕ್ಟರು ನಿಲ್ಲಿಸಲಿಲ್ಲ. ದನಿ ತಗ್ಗಿಸಿ, ಅಷ್ಟೂ ಬೆನ್ನುಗಳಿಗೆ ಪೂರ್ತಿ ಹೇಳಿದರು. ಅವನ ಕೈ ಸ್ವಚ್ಛವಿತ್ತು, ರಬ್ಬರು ಕೆಟ್ಟದ್ದಿತ್ತು, ತಾವೂ ಅವನನ್ನು ತಪ್ಪು ತಿಳಿದದ್ದು ನಿಜ ಎಂದು. ಯಮನೂರಪ್ಪ ಒಬ್ಬನೇ ಕೈಕಟ್ಟಿ ನಿಂತು ಕೊನೆಯ ಮಾತಿನವರೆಗೂ ಕೇಳಿದ.

"ಹೇಳಿದ್ರಿ. ಸಾಕು," ಎಂದ.

ಬಂಡೆಗೆ ಬೆಲ್ಲ ಬಳಿದು ಬಂದ ಕೈ ಅದು. ಅಂದು ಸೀಗೆಪುಡಿಯ ಚೀಲ ಸೊಂಟದಲ್ಲೇ ಇತ್ತು. ಅವನು ಅದನ್ನು ಮುಟ್ಟಲಿಲ್ಲ. ಹಾಗೆಯೇ ನನ್ನನ್ನು ಎತ್ತಿ ಕಣ್ಣಿಗೆ ಹಿಡಿದ. ಆಮೇಲೆ ಪಕ್ಕಕ್ಕೆ ಚಾಚಿದ.

"ನೋಡ್ರಿ ಇಲ್ಲೆ. ತಾಯಿ ಬೆನ್ನ ಮ್ಯಾಲೆ ಎರಡು ಮರಿ."

ಡಾಕ್ಟರು ನನ್ನನ್ನು ತೆಗೆದುಕೊಂಡರು. ಕಣ್ಣು ಒದ್ದೆಯಾಗಿದ್ದರಿಂದ ಅವರಿಗೆ ಏನೂ ಕಾಣಲಿಲ್ಲ. ಕಂಡಿತು ಎಂದರು.

ಇದೆಲ್ಲ ಆಗಿ ಬಹಳ ವರ್ಷವಾಯಿತು. ಡಾಕ್ಟರು ಈಗ ಬರುವುದಿಲ್ಲ. ಗೋಪುರಕ್ಕೆ ಕಾಲಿನ ಮೇಲೆ ನಿಲ್ಲುವ ದೊಡ್ಡ ದೂರದರ್ಶಕ ಬಂದಿದೆ. ಯಮನೂರಪ್ಪ ಒಂದು ಮಳೆಗಾಲದ ನಂತರ ಕೆಲಸಕ್ಕೆ ಬರಲಿಲ್ಲ. ದಿನಗೂಲಿಯವನಿಗೆ ಬೀಳ್ಕೊಡುಗೆ ಮಾಡುವ ಪದ್ಧತಿ ಇಲ್ಲ. ನನ್ನ ಎಡಗಣ್ಣಿಗೆ ಬೂಸು ಹಿಡಿದಿದೆ. ಗೋಪುರದ ಕಂಬದ ಮೊಳೆಗೆ ತೂಗುಬಿದ್ದಿದ್ದೇನೆ. ಯಾರೂ ಮುಟ್ಟುವುದಿಲ್ಲ.

ಆದರೆ ಆ ಭಾನುವಾರದಿಂದ ಕೊನೆಯ ದಿನದವರೆಗೆ ಅವನು ನನ್ನನ್ನು ಹಿಡಿಯುವ ಮುನ್ನ ಕೈ ತೊಳೆಯಲೇ ಇಲ್ಲ. ಟ್ಯೂಬಿನ ಮಡಿಕೆಗಳಲ್ಲಿ ಅವನ ಬೆಲ್ಲ ಇನ್ನೂ ಇದೆ. ಬಿಸಿಲೇರಿದ ಮೇಲೆ ಕಂಬದ ಗುಂಟ ಇರುವೆಗಳು ಸಾಲಾಗಿ ಹತ್ತಿ ನನ್ನ ಬಳಿಗೆ ಬರುತ್ತವೆ.