ಕಪ್ಪು ಬಣ್ಣ ಕೆರೆದವಳು

ಲಂಡನ್ನಿನಿಂದ ಬರುವ ಅಧಿಕಾರಿಗಳ ಎದುರು ನಮ್ಮ ಗಣಕ ಒಂದು ಗಂಟೆ ತಪ್ಪಿಲ್ಲದೆ ಲೆಕ್ಕ ಮಾಡಬೇಕಿತ್ತು. ತಪ್ಪಿದರೆ ಅದನ್ನು ಬಿಚ್ಚಿಹಾಕಿ, ಬಲ್ಬಿನಂಥ ವಾಲ್ವ್‌ಗಳಿಂದ ಕೋಣೆ ತುಂಬುವ ಹಳೆಯ ಯಂತ್ರಕ್ಕೇ ಮರಳುವುದೆಂದು ತೀರ್ಮಾನವಾಗಿತ್ತು. ಈ ಹೊಸ ಗಣಕ ಕಟ್ಟಲು ವಿಲ್ಫ್ ಹ್ಯಾಸ್ಲಮ್ ನಾಲ್ಕು ವರ್ಷ ಸವೆಸಿದ್ದ. ವಾಲ್ವ್ ಇಲ್ಲವೆಂದು ಕಣ್ಣಾರೆ ಕಾಣಲಿ ಎಂದು ಅವತ್ತು ಬೆಳಿಗ್ಗೆ ಅವನೇ ಮುಂದಿನ ತಗಡಿನ ಬಾಗಿಲು ಕಳಚಿಸಿದ್ದ.

ವಾಲ್ವ್‌ಗಳ ಬದಲಿಗೆ ಒಳಗಿದ್ದ ಟ್ರಾನ್ಸಿಸ್ಟರುಗಳನ್ನೆಲ್ಲ ಪರೀಕ್ಷಿಸಿ ಬೆಸುಗೆ ಹಾಕಿದವಳು ನಾನು. ಪುಟ್ಟ ಗಾಜಿನ ಕೊಳವೆ, ಮೇಲೆ ಕಪ್ಪು ಬಣ್ಣ. ಒಂದರ ಗುಣ ಇನ್ನೊಂದಕ್ಕಿಲ್ಲ. ಗುರುತಿಗೆಂದು ಪ್ರತಿಯೊಂದರ ಮೇಲೂ ಸೂಜಿಯಿಂದ ನಂಬರು ಕೆರೆದಿದ್ದೆ. ಹಾಗೆ ಮಾಡೆಂದು ಯಾರೂ ಹೇಳಿರಲಿಲ್ಲ, ನನ್ನ ಅಚ್ಚುಕಟ್ಟಿನ ಬಗ್ಗೆ ನನಗೇ ಜಂಬ.

ಅಧಿಕಾರಿಗಳು ಮೆಟ್ಟಿಲು ಹತ್ತುತ್ತಿದ್ದಾಗ ಮೋಡ ಸರಿದು ಬಿಸಿಲು ಬಿತ್ತು. ತಪ್ಪು ತೋರಿಸುವ ಕೆಂಪು ದೀಪ ಹತ್ತಿತು. ಗಾಬರಿಯಿಂದ ಬಗ್ಗಿ ನೋಡಿದೆ. ನನ್ನ ನೆರಳು ಬಿದ್ದದ್ದೇ ದೀಪ ಆರಿತು. ಸರಿದರೆ ಮತ್ತೆ ಹತ್ತಿತು. ನಾನು ಕೆರೆದ ನಂಬರುಗಳು ಬಿಸಿಲಿಗೆ ಮಿನುಗುತ್ತಿದ್ದವು. ಸದಾ ಮೋಡ ಕವಿದಿರುವ ನಮ್ಮ ಮ್ಯಾಂಚೆಸ್ಟರಿನಲ್ಲಿ ಬಿಸಿಲಿಗೆ ಹೆದರಿ ಕಿಟಕಿಗೆ ಪರದೆ ಹಾಕುವವರು ಯಾರು? ಬೆನ್ನನ್ನು ಕಿಟಕಿಗೆ ಕೊಟ್ಟು ನಿಂತುಬಿಟ್ಟೆ.

"ಏನೇ ಎನಿಡ್, ಅವ್ರು ನೋಡೋಕೆ ಬಂದಿರೋದು ಯಂತ್ರಾನಾ, ನಿನ್ನ ಬೆನ್ನಾ?" ವಿಲ್ಫ್ ಪಿಸುಗುಟ್ಟಿದ.

"ಬೆಸುಗೆ ಬಿಟ್ರೆ ನಾನೇ ಬೇಕಲ್ಲ, ಸುಮ್ನಿರು."

ಬಿಸಿಲು ಜರುಗಿದಂತೆ ನಾನೂ ಜರುಗಿದೆ. ಕಾಲು ಮರಗಟ್ಟಿತು. ಗಂಟೆ ಮುಗಿಯಿತು, ದೀಪ ಹತ್ತಲಿಲ್ಲ.

"ಭೇಷ್!" ಎಂದ ಹಿರಿಯ ಅಧಿಕಾರಿ, ಬರೆದುಕೊಳ್ಳುತ್ತ. "ವಿಮಾನ ನಿಲ್ದಾಣದ ಗೋಪುರದಲ್ಲೇ ಇಡೋಣ. ಸುತ್ತಲೂ ಗಾಜು. ಬಾಗಿಲು ಹಾಕ್ಬೇಡಿ, ಹೀಗೇ ಚೆನ್ನಾಗಿದೆ."

ವಿಲ್ಫ್‌ನ ಮುಖ ಅರಳಿತ್ತು. ನನಗೆ ಮಾತ್ರ ಯಂತ್ರದ ತಪ್ಪು ಲೆಕ್ಕ ನಂಬಿ ಆಕಾಶದಲ್ಲಿ ಹಾರುತ್ತಿರುವ ಜನ ಕಣ್ಣಿಗೆ ಕಟ್ಟಿದರು.

"ವಿಲ್ಫ್, ತಪ್ಪು ಯಂತ್ರದ್ದಲ್ಲ, ನಂದು," ಎಂದು ಪಕ್ಕಕ್ಕೆ ಸರಿದೆ. ಎಲ್ಲರೆದುರೇ ಕೆಂಪು ದೀಪ ಹತ್ತಿತು. "ನಾನು ನಂಬರು ಕೆರೆದ ಕಡೆಯೆಲ್ಲ ಬೆಳಕು ಒಳಗೆ ನುಗ್ತಾ ಇದೆ. ಬೆಳಕು ತಾಗಿದ್ರೆ ಟ್ರಾನ್ಸಿಸ್ಟರು ಲೆಕ್ಕ ತಪ್ಪುತ್ತೆ."

ವಿಲ್ಫ್ ಹತ್ತಿರ ಬಂದು ಬಗ್ಗಿದ. ಗೀರುಗಳನ್ನು ನೋಡಿದ, ಕಿಟಕಿ ನೋಡಿದ, ನನ್ನನ್ನು ನೋಡಿದ. ಆಮೇಲೆ ಕೋಟು ಬಿಚ್ಚಿ ಯಂತ್ರಕ್ಕೆ ಹೊದಿಸಿದ. ದೀಪ ಆರಿತು.

"ಒಂದು ಗಂಟೆ ನಿಂತೇ ಇದ್ಯಲ್ಲೇ, ಮಾರಾಯ್ತಿ. ಕೂತ್ಕೋ," ಎಂದು ಸ್ಟೂಲು ತಳ್ಳಿದ.

ಹಿರಿಯ ಅಧಿಕಾರಿ ಬರೆದದ್ದನ್ನು ಹೊಡೆದುಹಾಕಿ, ಕುರ್ಚಿ ಎಳೆದುಕೊಂಡು ಕುಳಿತ. "ಹಾಗಾದ್ರೆ ಒಂದು ಗಂಟೆಯ ಪರೀಕ್ಷೆ ಮೊದಲಿಂದ ಶುರು ಮಾಡಿ."

ನಾನು ಕಣ್ಣೊರೆಸಿಕೊಂಡು, ಕೋಟಿನ ತೋಳನ್ನು ಗಾಜಿನ ಕೊಳವೆಗಳ ಮೇಲೆ ಸರಿಯಾಗಿ ಎಳೆದೆ.