ತಾಯಿ ಎಂಬಲ್ಲಿ ಒಂದು ಚುಕ್ಕೆ

ತನ್ನ ಬೆರಳಿಗೆ ತಾನೇ ಸೂಜಿ ಚುಚ್ಚಿಕೊಂಡು ಮಗಳು ರಕ್ತದ ಹನಿಯನ್ನು ಪಟ್ಟಿಗೆ ತಾಕಿಸಿದಳು. ಐದು ಎಣಿಸುವಷ್ಟರಲ್ಲಿ ಸಕ್ಕರೆ ನೋಡುವ ಪುಟ್ಟ ಯಂತ್ರ ತೊಂಬತ್ತಾರು ಎಂದಿತು. ಪಕ್ಕದ ಮಂಚದ ಮೇಲೆ, ಬಿಳಿ ಹೊದಿಕೆಯ ಕೆಳಗೆ, ಅಮ್ಮ ಮಲಗಿದ್ದಳು. ಶವವಾಹನ ಬರಲು ಇನ್ನೂ ಅರ್ಧ ಗಂಟೆಯಿತ್ತು.

"ಇದೇನೇ, ಹೆತ್ತವಳ ಹೆಣದ ಪಕ್ಕ ಕೂತು ಸಕ್ಕರೆ ನೋಡ್ಕೋತಿದ್ದೀಯ?" ಎಂದಳು ಚಿಕ್ಕಮ್ಮ.

"ನನ್ನದಲ್ಲ ಚಿಕ್ಕಮ್ಮ, ಈ ಯಂತ್ರದ ಯೋಗ್ಯತೆ ನೋಡ್ತಿದ್ದೀನಿ. ಮೊನ್ನೆ ಬೆಳಿಗ್ಗೆ ಅಮ್ಮಂಗೆ ನೂರಾ ಎಂಟು ಅಂತು. ಅದೇ ಮಧ್ಯಾಹ್ನ ಆಸ್ಪತ್ರೆಯಲ್ಲಿ ಐನೂರಾ ನಲವತ್ತು! ದಿನಾ ನೂರು ಜನರ ರಕ್ತ ಪರೀಕ್ಷೆ ಮಾಡೋಳು ನಾನು. ನನ್ನ ಅಮ್ಮಂಗೇ ಕೆಟ್ಟ ಯಂತ್ರ ತಂದುಕೊಟ್ಟೆ."

"ಸುಮ್ನಿರೇ."

"ಏಳು ತಿಂಗಳು ಕೆಲಸದ ಊರಲ್ಲಿ ಕೂತು, ಫೋನಿಗೆ ಬಂದ ನಂಬರನ್ನೆಲ್ಲ ನಂಬಿದೆ. ಇಷ್ಟು ಚೆನ್ನಾಗಿದೆಯಲ್ಲ, ಆಸ್ಪತ್ರೆಯ ದೊಡ್ಡ ರಕ್ತಪರೀಕ್ಷೆ ಈಗ ಬೇಡ ಅಂದವಳೂ ನಾನೇ. ನಾನೇ ಕೊಂದೆ."

ಗೋಡೆಗೊರಗಿ ಕೂತಿದ್ದ ಅಪ್ಪ ಎರಡೂ ಕೈಗಳನ್ನು ಕಂಕುಳಲ್ಲಿ ಅಡಗಿಸಿಕೊಂಡ.

*

ಅಮ್ಮನಿಗೆ ಕಣ್ಣಿದ್ದುದು ಬೆರಳಿನಲ್ಲಿ. ಹುಟ್ಟಿನಿಂದ ನೋಟವಿಲ್ಲದ ಅವಳು ಮೂವತ್ತು ವರ್ಷದಿಂದ ಬ್ರೈಲ್ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದಳು. ಅವಳ ತೋರುಬೆರಳು ಕಾಗದದ ಮೇಲೆ ಹೊರಟಿತೆಂದರೆ ದಾರಿ ಬಲ್ಲ ಇರುವೆಯಂತೆ. ಒಂದು ಉಬ್ಬುಚುಕ್ಕೆಯನ್ನೂ ತಪ್ಪುತ್ತಿರಲಿಲ್ಲ.

ಸಕ್ಕರೆ ಕಾಯಿಲೆ ಬಂದ ಮೊದಲೆರಡು ವಾರ, ಮಗಳು ಹೇಳಿಕೊಟ್ಟಂತೆ, ಅಪ್ಪ ದಿನವೂ ಅವಳ ಕಿರುಬೆರಳಿನ ಬದಿಗೆ ಚುಚ್ಚಿದ್ದ. ಆ ದಿನಗಳಲ್ಲೇ ಒಂದನೆಯ ತರಗತಿಯ ಪಾಠದಲ್ಲಿ ಒಂದು ತಪ್ಪು ಅವಳ ಕೈಯಿಂದ ಜಾರಿತು. ಬ್ರೈಲಿನಲ್ಲಿ 'ತ'ಕ್ಕೆ ನಾಲ್ಕು ಚುಕ್ಕೆ. ಅದರಲ್ಲೊಂದು ಬಿದ್ದುಹೋದರೆ 'ಸ'. ಕತೆಯ ಕರು "ಬಾ ತಾಯಿ" ಎನ್ನಬೇಕಾದಲ್ಲಿ "ಬಾ ಸಾಯಿ" ಎಂದಿತು. ಎಂಟು ಶಾಲೆಗಳ ಮಕ್ಕಳು ಬಿದ್ದೂ ಬಿದ್ದೂ ನಕ್ಕರಂತೆ. ಅಮ್ಮ ಮೂರು ದಿನ ಮಾತಾಡಲಿಲ್ಲ.

ನಾಲ್ಕನೆಯ ದಿನ ಅಪ್ಪ ಬೆರಳು ಹಿಡಿದದ್ದೇ ಕೈ ಹಿಂದಕ್ಕೆಳೆದಳು. "ಕಣ್ಣಿಗೆ ಯಾರಾದ್ರೂ ಚುಚ್ಚಿಸ್ಕೋತಾರೇನ್ರೀ?"

"ಕಿರುಬೆರಳಲ್ಲಿ ನೀನು ಓದಲ್ವಲ್ಲೇ!"

"ಒಂದಕ್ಕೆ ನೋವಾದ್ರೆ ಉಳಿದವು ಸುಮ್ನಿರ್ತವಾ?"

"ನಂಬರು ಹೋಗದಿದ್ರೆ ಮಗಳು ಸಂಜೆಯೊಳಗೆ ಬಂದು ಇಬ್ಬರ ಚರ್ಮವನ್ನೂ ಸುಲೀತಾಳೆ."

"ನಿಮ್ಮದೇ ಕಳಿಸಿ. ನಿಮ್ಮ ಬೆರಳು ಯಾವ ಪುರಾಣ ಓದ್ಬೇಕಾಗಿದೆ?"

ಇಬ್ಬರೂ ನಕ್ಕರು. ಇವತ್ತೊಂದು ದಿನ ಎಂದುಕೊಂಡರು. ಸಂಜೆ ಮಗಳು ಫೋನಿನಲ್ಲಿ "ನೂರಾಮೂರು! ಭೇಷ್ ಅಮ್ಮಾ!" ಎಂದಾಗ, ಈಚೆ ಇಬ್ಬರೂ ಕದ್ದು ತಿಂದ ಮಕ್ಕಳ ಹಾಗೆ ಬಾಯಿ ಮುಚ್ಚಿಕೊಂಡು ಕೂತಿದ್ದರು.

*

"ಯಂತ್ರ ಸರಿಯಾಗೇ ಇದೆ ಮಗಳೇ," ಎಂದ ಅಪ್ಪ.

"ಸಮಾಧಾನ ಹೇಳ್ಬೇಡ ಅಪ್ಪ."

"ಸಮಾಧಾನ ಅಲ್ಲ." ಕಂಕುಳಿಂದ ಕೈ ತೆಗೆದು ಅವಳ ಮುಂದೆ ಹರವಿದ. ಬೆರಳ ತುದಿಗಳಲ್ಲೆಲ್ಲ ಪೆನ್ಸಿಲ್ ಮೊನೆಯಿಂದ ಕುಟ್ಟಿದಂತೆ ಸಣ್ಣ ಸಣ್ಣ ಕಪ್ಪು ಗುರುತು.

ಸಾವಿರಾರು ಬೆರಳು ಕಂಡವಳಿಗೆ ಬಿಡಿಸಿ ಹೇಳಬೇಕಾಗಲಿಲ್ಲ.

"ಏಳು ತಿಂಗಳೂ?"

"ಮೊದಲೆರಡು ವಾರ ಬಿಟ್ಟು."

"ಹಾಗಾದ್ರೆ ಅಮ್ಮಂದು ಎಷ್ಟಿತ್ತು?"

"ಗೊತ್ತಿಲ್ಲ ಕಣಮ್ಮ. ನೋಡ್ಲೇ ಇಲ್ಲ. ಬಾಯಾರಿಕೆ, ಬಾಯಾರಿಕೆ ಅಂತಿದ್ಲು. ನೀರು ಕೊಡ್ತಿದ್ದೆ."

ಹೊರಗೆ ವಾಹನ ನಿಂತ ಸದ್ದಾಯಿತು. ಚಿಕ್ಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಬಾಗಿಲಿಗೆ ಹೋದಳು.

ಮಗಳು ಹೊಸ ಪಟ್ಟಿಯೊಂದನ್ನು ಯಂತ್ರಕ್ಕೆ ಸಿಕ್ಕಿಸಿದಳು. ಹೊದಿಕೆ ಸರಿಸಿ, ಅಮ್ಮನ ಬಲಗೈಯನ್ನು ಮಡಿಲಿಗೆಳೆದುಕೊಂಡು, ತೋರುಬೆರಳಿನ ತುದಿಯನ್ನು ಹತ್ತಿಯಿಂದ ಒರೆಸಿದಳು. ಅದು ಎಳೆಮಗುವಿನದರಷ್ಟು ನುಣುಪಾಗಿತ್ತು. ಸೂಜಿಯನ್ನು ಹತ್ತಿರ ತಂದಳು. ಕೈ ಅಲ್ಲೇ ನಿಂತಿತು.

ಯಂತ್ರದ ಪರದೆಯ ಮೇಲೆ ಹನಿಯ ಚಿತ್ರವೊಂದು ರಕ್ತ ಕೇಳುತ್ತ ಮಿಟುಕತೊಡಗಿತ್ತು. ಅದನ್ನು ಕಂಡದ್ದೇ, ಅಪ್ಪನ ಎಡಗೈ ತೋರುಬೆರಳು ತಾನಾಗಿ ಮುಂದೆ ಚಾಚಿಕೊಂಡಿತು.